ಟೇಪಣ್ಣನ ಖಾಲಿ ಕಪಾಟು

ಆ ಟೈಲರ್ ಅಣ್ಣ-ತಂಗಿಗೆ ತಲೆ ಕೆಟ್ಟಿದೆ ಅಂದ್ಯಲ್ಲ ಈಗ, ಆ ಮಾತು ವಾಪಸ್ ತಗೋ. ಕೆಟ್ಟಿತ್ತು, ನಿಜ, ಆದ್ರೆ ನೀನು ಅಂದ್ಕೊಂಡ ಹಾಗಲ್ಲ. ಒಂದು ಗುಂಡಿ ಹಾಕಿಸ್ಕೊಳ್ಳೋಕೆ ನೀನು ಕೆಳಗಿನ ಟೈಲರ್ ಹತ್ರ ಹೋದೆ, ಅವನ ತಂಗಿ ಸ್ಟೂಲ್ ಮೇಲೆ ಕೂತಿದ್ದೋಳು, "ಅರ್ಜೆಂಟ್ ಇಲ್ಲ ತಾನೇ? ಬಿಟ್ಟು ಹೋಗಿ, ಯಾವಾಗಾದ್ರೂ ಬನ್ನಿ" ಅಂತ ಜಬರ್ದಸ್ತಿ ಮಾಡಿ ನಿನ್ನ ಅಂಗಿ ಕಿತ್ಕೊಂಡಳು. ಇದೇ ತಾನೇ ನಿನ್ನ ದೂರು? ಈ ಬೀದಿಗೆ ಹೊಸಬಳು ನೀನು, ನಿನಗೆ ಗೊತ್ತಿಲ್ಲ. ಕೂತ್ಕೋ. ಮೊದಲು ಆ ಬಾಗಿಲು ಮುಂದೆ ಮಾಡು, ಮೆಟ್ಟಿಲ ಮೇಲೆ ಮಾತಾಡಿದ್ದು ಕೆಳಗೆ ಅವನ ಅಂಗಡಿಗೆ ಕೇಳುತ್ತೆ. ಅಲ್ಲಿ ಮಾತಾಡಿದ್ದು ನಮಗೂ ಕೇಳುತ್ತೆ, ಅದಕ್ಕೇ ನನಗೆ ಇಷ್ಟು ವಿಷಯ ಗೊತ್ತಿರೋದು. ಕದ್ದು ಕೇಳಿದ್ದಲ್ಲ. ಮಂಡಿ ನೋವು ನನಗೆ, ಪ್ರತಿ ಮೆಟ್ಟಿಲಲ್ಲೂ ನಿಂತು ನಿಂತು ಇಳೀತೀನಿ. ನಿಂತಾಗ ಕಿವಿ ಮುಚ್ಕೊಂಡು ನಿಲ್ಲಕ್ಕಾಗುತ್ತಾ?

ಆ ಟೈಲರ್ ನಾಲ್ಕು ವರ್ಷದ ಹಿಂದೆ ಒಂದು ಬುಧವಾರ ನಮ್ಮ ಕೈ ತಪ್ಪಿ ಹೋಗ್ತಿದ್ದ. ಹೋಗೋಕೆ ಎಲ್ಲ ತಯಾರಿ ಮಾಡ್ಕೊಂಡಿದ್ದ, ಅದೂ ಎಷ್ಟು ಅಚ್ಚುಕಟ್ಟಾಗಿ ಅಂದ್ರೆ, ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಮೂರ್ಖರು ನಾವು. ಅದನ್ನೇ ಹೇಳ್ತೀನಿ, ಕೇಳು.

ಅವನನ್ನ ಟೇಪಣ್ಣ ಅಂತ ಕರೆಯೋದು ಯಾಕೆ ಅಂದ್ರೆ ಇಂಚುಟೇಪು ಅವನ ಕುತ್ತಿಗೆಯಿಂದ ಇಳಿಯೋದೇ ಇಲ್ಲ. ಸ್ನಾನಕ್ಕೆ ಹೋಗುವಾಗ ತೆಗೀತಾನೋ ಇಲ್ವೋ ನನಗೆ ಗೊತ್ತಿಲ್ಲ, ಗೊತ್ತಿರಬೇಕಾದ ವಿಷಯನೂ ಅಲ್ಲ ಅದು. ಅಂಗಡಿ ನೋಡಿದೀಯಲ್ಲ, ಬೀರುವಿಗೆ ಬಾಗಿಲು ಕಿತ್ತರೆ ಎಷ್ಟಿರುತ್ತೋ ಅಷ್ಟು. ಒಂದು ಮೆಷಿನ್, ಒಂದು ಇಸ್ತ್ರಿಪೆಟ್ಟಿಗೆ, ಪಾದದ ಹತ್ರ ಬಿರುಕು ಬಿಟ್ಟ ಒಂದು ಕನ್ನಡಿ, ಒಂದು ಸ್ಟೂಲ್, ನೆಲದಿಂದ ಸೂರಿನವರೆಗೆ ಒಂದು ಕಪಾಟು. ಹೊಸ ಬಟ್ಟೆ ಹೊಲಿಯಲ್ಲ ಅವನು. ಬರೀ ರಿಪೇರಿ. ದಪ್ಪ ಆದೋರಿಗೆ ಲೂಸ್ ಮಾಡೋದು, ಸಣ್ಣ ಆದೋರಿಗೆ ಟೈಟ್ ಮಾಡೋದು, ಉದ್ದ ಕಡಿಮೆ ಮಾಡೋದು, ಜಿಪ್ ಹಾಕೋದು. ಈ ಬೀದಿಯಲ್ಲಿ ಯಾರು ಯಾವಾಗ ಎಷ್ಟು ಊದಿದ್ರು ಅನ್ನೋದು ಡಾಕ್ಟರಿಗಿಂತ ಮುಂಚೆ ಅವನಿಗೆ ಗೊತ್ತು. ಆದ್ರೆ ಬಾಯಿ ಬಿಡಲ್ಲ. ನನ್ನ ಸೊಂಟದ ಅಳತೆ ಅವನ ಜೊತೆಗೇ ಹೋಗುತ್ತೆ ಅಂತ ನಾನು ತಮಾಷೆ ಮಾಡ್ತಿದ್ದೆ. ಈಗ ಮಾಡಲ್ಲ ಆ ತಮಾಷೆ.

ಸ್ವಭಾವ ಹೇಗೆ ಅಂತೀಯಾ? ಮಂಗಳವಾರ ಕೊಡ್ತೀನಿ ಅಂದ್ರೆ ಮಂಗಳವಾರ. ಆಕಾಶ ಕಳಚಿ ಬಿದ್ರೂ ಮಂಗಳವಾರ. ಪ್ರತಿ ಬಟ್ಟೆಗೂ ಒಂದು ಹಳದಿ ಚೀಟಿ, ಅದರ ಮೇಲೆ ತಾರೀಕು, ಅಕ್ಷರ ಅಚ್ಚು ಹಾಕಿದ ಹಾಗೆ. "ಆಗಲ್ಲ" ಅನ್ನೋ ಮಾತು ಅವನ ಬಾಯಲ್ಲಿ ಹುಟ್ಟಿಲ್ಲ. ಒಂದು ಸಲ ನನ್ನ ಲಂಗದ ಕೆಳಪಟ್ಟಿ ಹೊಲಿದುಕೊಟ್ಟ, ನಾನು ಉಟ್ಟು ಓಡಾಡಿ ಒಂದು ವಾರ ಆಗಿದೆ, ಬಂದು ಬಾಗಿಲು ತಟ್ಟಿದ. "ಅಜ್ಜೀ, ಅದರಲ್ಲಿ ಒಂದು ಕಡೆ ಹೊಲಿಗೆ ಒಂದೆಳೆ ಅಡ್ಡ ಹೋಗಿದೆ, ನಿದ್ದೆ ಬರ್ತಿಲ್ಲ, ಕೊಡಿ." ಎಲ್ಲಿ ಅಂತ ಭೂತಗನ್ನಡಿ ಹಿಡ್ಕೊಂಡು ಹುಡುಕಿದ್ರೂ ನನಗೆ ಕಾಣಲಿಲ್ಲ. ನನ್ನ ಲಂಗದ ಒಳಗಡೆ ಯಾರಪ್ಪ ನೋಡ್ತಾರೆ ಈ ವಯಸ್ಸಲ್ಲಿ ಅಂದೆ. ಕೆಂಪಗಾದ, ಆದ್ರೆ ಲಂಗ ತಗೊಂಡೇ ಹೋದ.

ಚೆನ್ನಾಗಿದೆ ಅಂದ್ರೆ ಅವನ ಕಿವಿಗೆ ಬೀಳೋದೇ ಇಲ್ಲ. ಗುಂಡಿ ಸ್ವಲ್ಪ ಬಿಗಿ ಅಂದ್ರೆ ಆರು ವರ್ಷ ನೆನಪಿಟ್ಕೋತಾನೆ. ಇನ್ನೊಬ್ಬರ ತಪ್ಪಿಗೆ ಸಾವಿರ ಸಬೂಬು ಹುಡುಕಿ ಕೊಡ್ತಾನೆ, ತನ್ನ ತಪ್ಪಿಗೆ ಒಂದೂ ಇಲ್ಲ. ಯಾರ ಹತ್ರನೂ ಏನೂ ಕೇಳಲ್ಲ. ಒಂದು ಲೋಟ ನೀರು ಬೇಕಾದ್ರೂ ನಾನು ತಿಂಡಿ ತಿಂದು ಮುಗಿಸೋವರೆಗೆ ಕಾದು ಕೇಳೋ ಜಾತಿ. ನಾವು ಇದಕ್ಕೆ ಒಳ್ಳೆಯತನ ಅಂತ ಹೆಸರಿಟ್ವಿ. ಒಳ್ಳೆಯತನನೇ, ಇಲ್ಲ ಅಂತಿಲ್ಲ. ಆದ್ರೆ ಅಷ್ಟೊಂದು ಒಳ್ಳೆಯತನ ಒಬ್ಬನೇ ಮನುಷ್ಯನ ಒಳಗೆ ಗಾಳಿ ಆಡದ ಹಾಗೆ ತುಂಬಿಟ್ರೆ ಏನಾಗುತ್ತೆ ಅಂತ ಯಾರೂ ಯೋಚನೆ ಮಾಡಲಿಲ್ಲ.

ಯಾಕೆ ಮಾಡಲಿಲ್ಲ? ಯಾಕೆಂದ್ರೆ ನಮ್ಮೆಲ್ಲರ ಕಣ್ಣೂ ಸೈರನ್ ಮೇಲಿತ್ತು.

ಸೈರನ್ ಅಂದ್ರೆ ಅವನ ತಂಗಿ, ಆ ಸ್ಟೂಲ್ ಮೇಲಿನೋಳು. ಬಸ್ ಸ್ಟ್ಯಾಂಡಲ್ಲಿ ಮೈಕ್ ಹಿಡ್ಕೊಂಡು ಯಾವ ಬಸ್ ಎಲ್ಲಿಗೆ, ಎಷ್ಟೊತ್ತಿಗೆ ಅಂತ ಕೂಗೋ ಕೆಲಸ. ಮೈಕ್ ಕೆಟ್ಟು ಮೂರು ದಿನ ಆದ್ರೂ ಅಲ್ಲಿ ಯಾರಿಗೂ ಗೊತ್ತಾಗಲಿಲ್ವಂತೆ. ಅಂಥ ಗಂಟಲು. ಮನಸ್ಸಲ್ಲಿ ಬಂದದ್ದು ಬಾಯಿಗೆ ಬರೋಕೆ ಅವಳಿಗೆ ಅರ್ಧ ಕ್ಷಣನೂ ಬೇಡ. ಕೋಪ ಬಂದ್ರೆ ತಟ್ಟೆ ಹಾರುತ್ತೆ, ಪ್ರೀತಿ ಬಂದ್ರೆ ಪಕ್ಕದ ಮನೆಯೋರನ್ನೂ ಅಪ್ಪಿಕೊಳ್ತಾಳೆ, ದುಃಖ ಬಂದ್ರೆ, "ನಾನು ಸಾಯ್ತೀನಿ, ನೋಡ್ತಾ ಇರಿ" ಅಂತ ಇಡೀ ಮೆಟ್ಟಿಲು ನಡುಗೋ ಹಾಗೆ ಕಿರುಚ್ತಾಳೆ. ಹತ್ತೊಂಬತ್ತನೇ ವಯಸ್ಸಲ್ಲಿ ಬರೀ ಕಿರುಚಿ ಬಿಡಲಿಲ್ಲ. ಒಂದು ಸಲ ಆಸ್ಪತ್ರೆಗೆ ಹೋಗಿ, ಬದುಕಿ ಬಂದಳು.

ಆಮೇಲೆ ಮನೇಲಿ ಒಂದು ಪದ್ಧತಿ ಆಯ್ತು. ಇವರಿಬ್ಬರಿಗಿಂತ ದೊಡ್ಡೋಳು ಒಬ್ಬಳಿದ್ದಾಳೆ, ದೊಡ್ಡಕ್ಕ, ಶಾಲೆಯಲ್ಲಿ ಗುಮಾಸ್ತೆ. ಅವಳು ಒಂದು ಉದ್ದ ನೋಟ್‌ಬುಕ್ ತಂದು ಕಾವಲು ಪಟ್ಟಿ ಹಾಕಿದಳು. ಸೋಮವಾರ ಯಾರು, ಗುರುವಾರ ಯಾರು, ಸೈರನ್ ಒಬ್ಬಳೇ ಇರದ ಹಾಗೆ ನೋಡ್ಕೊಳ್ಳೋರು ಯಾರು. ಅವಳ ಕೈಗೆ ಸಿಗಬಾರದ್ದನ್ನೆಲ್ಲ ಒಂದು ಬೀರುವಿಗೆ ಹಾಕಿ ಬೀಗ ಜಡಿದ್ರು. ಬೀಗದ ಕೈ ಯಾರ ಹತ್ರ ಇರಬೇಕು? ಯೋಚನೆ ಮಾಡೋ ಹಾಗೇ ಇರಲಿಲ್ಲ. ಮನೇಲಿ ಎಲ್ಲರಿಗಿಂತ ಜವಾಬ್ದಾರಿಯೋನು, ತಣ್ಣಗಿರೋನು, ಯಾವತ್ತೂ ಏನೂ ಕಳ್ಕೊಳ್ಳದೋನು ಯಾರು? ಟೇಪಣ್ಣ. ಹದಿನಾಲ್ಕು ವರ್ಷ ಆ ಬೀಗದ ಕೈ ಅವನ ಟೇಪಿನ ಜೊತೆ ದಾರದಲ್ಲಿ ಕುತ್ತಿಗೆಗೇ ನೇತಾಡ್ತಿತ್ತು. ಹಾಲಿಗೆ ಬೆಕ್ಕನ್ನ ಕಾವಲಿಟ್ಟಿದ್ದಲ್ಲ ಇದು. ಕಾವಲಿನೋನಿಗೇ ಒಬ್ಬ ಕಾವಲು ಬೇಕು ಅನ್ನೋದು ಆ ನೋಟ್‌ಬುಕ್ಕಲ್ಲಿ ಯಾವ ಪುಟದಲ್ಲೂ ಇರಲಿಲ್ಲ, ಅಷ್ಟೇ.

ಆ ನೀರಿನ ಬಾಟಲ್ ಕೊಡು. ಇಷ್ಟು ಹೊತ್ತು ಮಾತಾಡ್ತಿದೀನಿ, ಬೇಕಾ ಅಂತ ಒಂದು ಮಾತು ಕೇಳಿದ್ಯಾ? ನೀನೂ ಟೇಪಣ್ಣನ ಜಾತಿನಾ, ನೀರು ಕೇಳೋರನ್ನ ಕಾಯೋಳು? ಹಾಂ. ಎಲ್ಲಿದ್ದೆ?

ಕೋಟು. ಒಬ್ಬಾಕೆ ತನ್ನ ತೀರಿಹೋದ ತಾಯಿಯ ಉದ್ದ ಕೋಟು ತಂದಳು, ನನಗಾಗೋ ಹಾಗೆ ಮೂರಿಂಚು ಕಡಿಮೆ ಮಾಡಿ ಅಂತ. ಟೇಪಣ್ಣ ಆರಿಂಚು ಕತ್ತರಿಸಿಬಿಟ್ಟ. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಅದೊಂದೇ. ಆಕೆ ಹಾಕ್ಕೊಂಡು ನೋಡಿ, "ಅಯ್ಯೋ ಹೋಗ್ಲಿ ಬಿಡಿ, ಈಗ ಗಿಡ್ಡದ್ದೇ ಫ್ಯಾಷನ್" ಅಂತ ನಕ್ಕು ಹೋದಳು. ಆಕೆಯ ಪಾಲಿಗೆ ಅಲ್ಲಿಗೆ ಮುಗೀತು. ಇವನು ಆ ಆರಿಂಚಿನ ಚೂರನ್ನ ಮಡಿಚಿ ಮೆಷಿನ್ ಡ್ರಾಯರಲ್ಲಿಟ್ಟ. ದಿನಾ ಬೆಳಿಗ್ಗೆ ತೆಗೆದು ನೋಡ್ತಿದ್ದ.

ಕೋಟಿನಿಂದ ಆಯ್ತು ಅಂತ ತಿಳ್ಕೋಬೇಡ. ದೊಡ್ಡಕ್ಕ ಹಾಗೇ ತಿಳ್ಕೊಂಡು ಆ ಕೋಟಿನಾಕೆ ಜೊತೆ ಜಗಳಕ್ಕೆ ಹೊರಟಿದ್ದಳು. ಮನಸ್ಸಿನ ಖಾಯಿಲೆ ಅವನೊಳಗೆ ಅದಕ್ಕಿಂತ ಮುಂಚೆನೇ ಬಂದು ಕೂತಿತ್ತು, ನೇತು ಹಾಕ್ಕೊಳ್ಳೋಕೆ ಒಂದು ಮೊಳೆ ಹುಡುಕ್ತಿತ್ತು. ಕೋಟಿಲ್ಲದಿದ್ರೆ ಒಂದು ಕಾಲುಚೀಲ ಸಿಕ್ಕಿದ್ರೂ ಸಾಕಿತ್ತು ಅದಕ್ಕೆ.

ಮೊದಲು ಸಿಳ್ಳೆ ನಿಂತಿತು. ಮೆಷಿನ್ ತುಳೀತಾ ಸಣ್ಣಗೆ ಸಿಳ್ಳೆ ಹಾಕೋ ಅಭ್ಯಾಸ ಅವನಿಗೆ, ಯಾವ ರಾಗನೋ ಏನೋ, ಎಲ್ಲ ಹಾಡೂ ಒಂದೇ ಥರ ಕೇಳಿಸ್ತಿತ್ತು. ನಿಂತಾಗ ನಾನು ಸದ್ಯ ಬದುಕಿದೆ ಅಂದ್ಕೊಂಡೆ. ನೋಡು ನನ್ನ ಬುದ್ಧಿ. ಆಮೇಲೆ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೆ ವಾಪಸ್ ಹೋಗ್ತಿತ್ತು, ದಾರಿಯಲ್ಲಿ ಅದನ್ನ ತಿಂದು ಬೀದಿ ನಾಯಿ ದಪ್ಪ ಆಗ್ತಾ ಬಂತು. ಇವನು ಬೆಳಗಿನ ಜಾವಕ್ಕೇ ಎದ್ದು ಸುಮ್ಮನೆ ಕೂತಿರ್ತಿದ್ದ. ಸಣ್ಣ ಆಗಿದ್ದು ನಮಗೆ ಕಾಣಲಿಲ್ವಾ ಅಂತೀಯಾ? ಅಲ್ಲೇ ಇರೋದು ಸ್ವಾರಸ್ಯ. ಬೇರೆ ಯಾರಾದ್ರೂ ಸಣ್ಣ ಆದ್ರೆ ಪ್ಯಾಂಟು ಜಾರುತ್ತೆ, ಅಂಗಿ ಜೋಲುತ್ತೆ, ನೋಡಿದೋರು "ಏನಪ್ಪಾ ಹುಷಾರಿಲ್ವಾ" ಅಂತಾರೆ. ಇವನು ಟೈಲರ್. ಎರಡು ಕೇಜಿ ಇಳಿದಾಗೆಲ್ಲ ತನ್ನ ಪ್ಯಾಂಟು, ಅಂಗಿ ತಾನೇ ಟೈಟ್ ಮಾಡಿಕೊಂಡ. ಕರಗ್ತಾ ಕರಗ್ತಾ ಹೋದ, ಬಟ್ಟೆ ಮಾತ್ರ ಮೈಗೆ ಅಳತೆ ತೆಗೆದ ಹಾಗೆ ಕೂತಿತ್ತು. "ಟೇಪಣ್ಣ ಈಗ ಸ್ಮಾರ್ಟ್ ಆಗಿದಾನೆ" ಅಂದೋಳು ನಾನೇ.

ಆಮೇಲೆ ಶುರುವಾಯ್ತು ಬಟ್ಟೆ ವಾಪಸ್ ಕೊಡೋ ಕಾರ್ಯಕ್ರಮ.

ಆ ಕಪಾಟಲ್ಲಿ ಮೇಲಿನ ನಾಲ್ಕು ಖಾನೆ ಪೂರ್ತಿ ಜನ ಕೊಟ್ಟು ಮರೆತ ಬಟ್ಟೆ. ಐದು ವರ್ಷದ್ದು, ಎಂಟು ವರ್ಷದ್ದು. ಯಾರೂ ಬಂದಿಲ್ಲ, ಇವನು ಬಿಸಾಡಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಚೀಟಿ ನೋಡಿ ಒಂದೊಂದಾಗಿ ಮನೆ ಮನೆಗೆ ತಲುಪಿಸೋಕೆ ಹೊರಟ. ಏನು ಗಲಾಟೆ ಅಂತೀಯಾ! ಬ್ಯಾಂಡಲ್ಲಿ ತುತ್ತೂರಿ ಊದಿ ನಿವೃತ್ತಿ ಆದೋನಿಗೆ ಹತ್ತು ವರ್ಷದ ಹಿಂದಿನ ಬಿಳಿ ಪ್ಯಾಂಟು ಕೊಟ್ಟ. ಅವನು ಹಿಡಿದು ನೋಡಿ, "ಇದು ನಂದಲ್ಲ, ಇದರೊಳಗೆ ನನ್ನ ಒಂದು ತೊಡೆ ಹೋಗುತ್ತೆ" ಅಂದ. ಹೆಂಡತಿ ಹಿಂದಿನಿಂದ, "ನಿಂದೇ. ನಾನು ಮದುವೆ ಆಗಿದ್ದು ಆ ಪ್ಯಾಂಟನ್ನ ನೋಡಿ" ಅಂದಳು. ಮೂಲೆ ಮನೆಯ ಕ್ಷೌರದೋನು ಡೈವೋರ್ಸ್ ಆಗಿ ಎರಡನೇ ಮದುವೆ ಆಗಿದ್ದ, ಅವನ ಮನೆಗೆ ಮೊದಲನೇ ಹೆಂಡತಿಯ ಹೂವಿನ ಗೌನು ಹೋಯ್ತು, ಬಾಗಿಲು ತೆಗೆದೋಳು ಎರಡನೆಯೋಳು. ಅವತ್ತು ಆ ಮನೇಲಿ ಒಲೆ ಹತ್ತಲಿಲ್ಲ.

ಬೀದಿಯೆಲ್ಲ ನಗು, ಬೀದಿಯೆಲ್ಲ ಹೊಗಳಿಕೆ. ಎಂಥಾ ನಿಯತ್ತು, ಎಂಥಾ ಮನುಷ್ಯ! ಅವನೂ ಹಗುರವಾಗಿ ಕಾಣ್ತಿದ್ದ. ಮುಖದ ಗಂಟು ಬಿಚ್ಚಿತ್ತು, ಎಲ್ಲರ ಹತ್ರ ನಿಂತು ಎರಡು ಮಾತಾಡ್ತಿದ್ದ. ದೊಡ್ಡಕ್ಕ ನನ್ನ ಹತ್ರ ಬಂದು, "ಅಜ್ಜೀ, ನಮ್ಮ ತಮ್ಮ ಮೊದಲಿನ ಹಾಗೆ ಆದ" ಅಂದಳು. ಈಗ ಗೊತ್ತು ನನಗೆ, ಅಷ್ಟು ದಿನ ಕುಗ್ಗಿದ್ದೋನು ಕಾರಣ ಇಲ್ಲದೆ ಒಂದೇ ಸಲಕ್ಕೆ ಹಗುರ ಆದ್ರೆ ಹಲ್ಲು ಕಿರಿಯಬಾರದು, ಹತ್ರ ಹೋಗಿ ಕೂರಬೇಕು. ಆಗ ಹಲ್ಲು ಕಿರಿದ್ವಿ. ನನಗಿರೋದು ಆರು, ಆ ಆರೂ.

ಒಂದು ಭಾನುವಾರ ಸೈರನ್‌ನ ಕರೆದು ಕುತ್ತಿಗೆಯ ದಾರ ಬಿಚ್ಚಿ, ಬೀಗದ ಕೈ ಅವಳ ಅಂಗೈಲಿಟ್ಟ. "ಇದು ನಿಂದು. ಇನ್ನು ಇದು ನನ್ನ ಹತ್ರ ಯಾಕೆ?" ಅಂದ. ಅವಳಿಗೆ ಕುಣಿಯೋದೊಂದು ಬಾಕಿ. ಹದಿನಾಲ್ಕು ವರ್ಷದ ಮೇಲೆ ಅಣ್ಣನಿಗೆ ನನ್ನ ಮೇಲೆ ನಂಬಿಕೆ ಬಂತು ಅಂತ ಮೆಟ್ಟಿಲು ಹತ್ತಿ ಬಂದು ನನ್ನ ಕಿವಿ ಕಿತ್ತುಹೋಗೋ ಹಾಗೆ ಹೇಳಿ ಹೋದಳು.

ಮಾರನೇ ದಿನ ಸೋಮವಾರ ಬೆಳಿಗ್ಗೆ. ಡ್ಯೂಟಿಗೆ ಹೊರಡೋಕೆ ಮುಂಚೆ ಮನೆಯೋರ ಬಟ್ಟೆಗೆ ಇಸ್ತ್ರಿ ಹಾಕ್ತಿದ್ದಾಳೆ. ಅಣ್ಣನ ಬೂದಿ ಬಣ್ಣದ ಪ್ಯಾಂಟು ಬಂತು. ಸೊಂಟದ ಪಟ್ಟಿ ಯಾಕೋ ದಪ್ಪ ಅನ್ನಿಸ್ತು, ಇಸ್ತ್ರಿಪೆಟ್ಟಿಗೆ ಎಡವ್ತಿದೆ. ಒಳಗೆ ತಿರುಗಿಸಿ ನೋಡಿದಳು. ಹೊಲಿಗೆಯ ನಾಲ್ಕು ಸಾಲು. ಒಂದರ ಒಳಗೆ ಇನ್ನೊಂದು, ರೈಲು ಹಳಿ ಹಾಕಿದ ಹಾಗೆ ನೆಟ್ಟಗೆ. ಟೈಟ್ ಮಾಡಿ, ಇನ್ನೂ ಟೈಟ್ ಮಾಡಿ, ಮತ್ತೂ ಟೈಟ್ ಮಾಡಿ. ಅವಳು ಆ ಪ್ಯಾಂಟನ್ನ ತನ್ನ ಸೊಂಟಕ್ಕೆ ಹಿಡಿದು ನೋಡಿದಳು. ತನಗೇ ಆಗಲ್ಲ. ಅಣ್ಣ ತನಗಿಂತ ಒಂದು ಗೇಣು ಅಗಲ ಇದ್ದೋನು.

ಆಮೇಲೆ ಅವಳು ಹೇಳಿದ್ದು ಇದು, ನನ್ನ ಮಂಚದ ಮೇಲೆ ಕೂತು: "ಅಜ್ಜೀ, ನನಗೆ ತಕ್ಷಣ ಗೊತ್ತಾಯ್ತು. ನಾನು ಆ ಊರಿಗೆ ಹೋಗಿ ಬಂದೋಳಲ್ವಾ. ನಾನು ಕಿರುಚಿದ್ದು ಯಾರಾದ್ರೂ ಬಂದು ಹಿಡ್ಕೊಳ್ಳಲಿ ಅಂತ. ಇವನು ಯಾರಿಗೂ ಹಿಡ್ಕೊಳ್ಳೋಕೆ ಒಂದು ತುದಿನೂ ಬಿಟ್ಟಿಲ್ಲ. ಎಲ್ಲ ಒಳಗೆ ಮಡಿಚಿ ಹೊಲಿದುಬಿಟ್ಟಿದ್ದ."

ಇಸ್ತ್ರಿಪೆಟ್ಟಿಗೆ ಆರಿಸಿದಳೋ ಇಲ್ವೋ, ಓಡಿ ಬಂದಳು. ಬಸ್ ಸ್ಟ್ಯಾಂಡಲ್ಲಿ ಅವತ್ತು ಯಾರೂ ಕೂಗೋರಿಲ್ಲ. ಎಷ್ಟು ಜನ ಯಾವ ಯಾವ ಬಸ್ ಹತ್ತಿ ಎಲ್ಲೆಲ್ಲಿ ಇಳಿದ್ರೋ, ಕೆಲವರು ಇನ್ನೂ ವಾಪಸ್ ಬಂದಿಲ್ವೋ ಏನೋ. ನಾನು ಕಸದ ಬುಟ್ಟಿ ಹಿಡ್ಕೊಂಡು ಆರನೇ ಮೆಟ್ಟಿಲ ಮೇಲೆ ಮಂಡಿ ಸುಧಾರಿಸ್ಕೊಳ್ತಾ ನಿಂತಿದ್ದೆ. ಅವಳು ಕಪಾಟು ನೋಡಿದಳು. ಗೋಡೆ ಕಾಣ್ತಿದೆ. ಆ ಗೋಡೆಗೆ ಹಸಿರು ಬಣ್ಣ ಇದೆ ಅಂತ ಅವತ್ತೇ ಗೊತ್ತಾಗಿದ್ದು ನಮಗೆ.

"ಬಟ್ಟೆ ಎಲ್ಲ ಎಲ್ಲಣ್ಣಾ?"

"ಅವರವರಿಗೆ ಕೊಟ್ಟೆ."

"ಇನ್ನೆಷ್ಟಿದೆ?"

"ಮೂರು. ಬುಧವಾರಕ್ಕೆ ಮುಗಿಯುತ್ತೆ."

"ಬುಧವಾರ ಆದ್ಮೇಲೆ?"

ಟೇಪಣ್ಣ ಮೆಷಿನ್ ಚಕ್ರದ ಮೇಲೆ ಕೈ ಇಟ್ಟ. ತಿರುಗಿಸಲಿಲ್ಲ.

ಸೈರನ್ ಅವತ್ತು ಕಿರುಚಲಿಲ್ಲ. ಅವತ್ತಿಗೆ ನನ್ನ ಎಂಬತ್ಮೂರು ವರ್ಷದಲ್ಲಿ ಅವಳ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. "ಅಣ್ಣಾ, ಸಾಯ್ಬೇಕು ಅಂತ ಯೋಚನೆ ಮಾಡ್ತಿದೀಯಾ?" ಅಂದಳು. ನೇರವಾಗಿ, ಬಸ್ ನಂಬರ್ ಕೇಳಿದ ಹಾಗೆ.

"ಹೂಂ" ಅಂದ ಅವನು. ಟೀ ಕುಡಿದ್ಯಾ ಅಂದ್ರೆ ಹೇಳ್ತೀವಲ್ಲ, ಅಂಥ ಹೂಂ. ಆಮೇಲೆ ಅಂದ, "ನಿಂಗೆ ಡ್ಯೂಟಿಗೆ ಹೊತ್ತಾಯ್ತಲ್ಲ. ಕ್ಷಮಿಸು."

ಕಸದ ಬುಟ್ಟಿ ನನ್ನ ಕೈಯಿಂದ ಜಾರಿ ಆರು ಮೆಟ್ಟಿಲು ಉರುಳ್ತು. ಇಬ್ಬರೂ ತಿರುಗಿ ನೋಡಲಿಲ್ಲ.

"ಎಷ್ಟು ದಿನದಿಂದ?"

"ತುಂಬಾ ದಿನ. ಆ ಕೋಟು ಬರೋಕೆ ಮುಂಚೆಯಿಂದ."

"ಮತ್ತೆ ಯಾಕೆ ಹೇಳಲಿಲ್ಲ? ನನಗೆ ಹೇಳಬಾರದಾಗಿತ್ತಾ? ಈ ವಿಷಯದಲ್ಲಿ ಮನೇಲಿ ನನಗಿಂತ ದೊಡ್ಡ ಪಂಡಿತೆ ಯಾರಿದಾರೆ?"

ಅದಕ್ಕೆ ಅವನು ಏನಂದ ಗೊತ್ತಾ? "ನಿನ್ನ ಸರದಿ ನಡೀತಿತ್ತಲ್ಲ" ಅಂದ. "ಒಂದು ಮನೆಗೆ ಒಬ್ಬರು ಸಾಕು ಅನ್ನಿಸ್ತು."

ಸೈರನ್ ಸ್ಟೂಲ್ ಮೇಲೆ ಕೂತಳು. ಆಮೇಲೆ ತನ್ನ ಯೂನಿಫಾರಂ ತೋಳಿನ ಹೊಲಿಗೆಗೆ ಹಲ್ಲು ಹಾಕಿ ಪರ್ ಅಂತ ಹರಿದಳು, ಕೈಗೆ ಬಂದ ತೋಳನ್ನ ಅವನ ಮುಂದಿಟ್ಟಳು.

"ಇದನ್ನ ಹೊಲಿದುಕೊಡು."

ಅವನಿಗೆ ಗಾಬರಿ. "ಈಗ್ಲೇ ಹಾಕ್ತೀನಿ ಕೊಡು, ಐದು ನಿಮಿಷ."

"ಈಗ ಬೇಡ. ಚೀಟಿ ಬರಿ. ತಾರೀಕು ನಾನು ಹೇಳ್ತೀನಿ." ಮೂರು ತಿಂಗಳು ಆಚೆಯ ಒಂದು ತಾರೀಕು ಹೇಳಿದಳು.

"ಒಂದು ತೋಳಿಗೆ ಮೂರು ತಿಂಗಳಾ? ಯಾರಾದ್ರೂ ಕೇಳಿದ್ರೆ ನಗ್ತಾರೆ."

"ಗಿರಾಕಿ ನಾನಾ, ನೀನಾ? ಬರಿ."

ಸಾಯೋಕೆ ಹೊರಟೋನಿಗೆ ಅವಮಾನ ಆಯ್ತು ಅಂದ್ರೆ ನಂಬ್ತೀಯಾ? ಮುಖ ಊದಿಸ್ಕೊಂಡು, ಹಳದಿ ಚೀಟಿ ತೆಗೆದು, ಅದೇ ಅಚ್ಚಿನಂಥ ಅಕ್ಷರದಲ್ಲಿ ಆ ತಾರೀಕು ಬರೆದು ತೋಳಿಗೆ ಪಿನ್ ಹಾಕಿದ. ಅವಳು ಎದ್ದಳು. "ಈಗ ನಡಿ ಆಸ್ಪತ್ರೆಗೆ."

"ಆ ಮೂರು ಬಟ್ಟೆ?"

"ಅವರು ಚಡ್ಡಿಯಲ್ಲಿ ಓಡಾಡ್ಲಿ."

ದೊಡ್ಡಕ್ಕ ಶಾಲೆಯಿಂದ ಬಂದಳು, ಬೀಗದ ಕೈ ಸೈರನ್ ಕೈಯಿಂದ ಅವಳ ಪರ್ಸಿಗೆ ಹೋಯ್ತು. ಟ್ಯಾಕ್ಸಿಯಲ್ಲಿ ನಾನೂ ಹೋದೆ, ಯಾರೂ ಕರೀಲಿಲ್ಲ, ಹತ್ತಿ ಕೂತೆ. ಆಸ್ಪತ್ರೆ ಬೆಂಚಿನ ಮೇಲೆ ಅವನ ಪಕ್ಕ ಕೂತು ಹೇಳಿದೆ, "ನೋಡಪ್ಪ, ಈ ಮೆಟ್ಟಿಲಿನೋರಲ್ಲಿ ಮೊದಲು ಹೋಗೋಳು ನಾನು. ಸಾಲಲ್ಲಿ ಎಂಬತ್ಮೂರು ವರ್ಷದಿಂದ ನಿಂತಿದೀನಿ. ನೀನು ಮಧ್ಯೆ ನುಗ್ಗಿದ್ರೆ ನಾನು ಸುಮ್ಮನಿರಲ್ಲ." ಅವನು ನಗಲಿಲ್ಲ. ನನ್ನ ಕೈ ಮಾತ್ರ ಹಿಡ್ಕೊಂಡ. ಕೈಯಲ್ಲಿ ಬರೀ ಮೂಳೆ.

ಡಾಕ್ಟರ್ ಚಿಕ್ಕ ಹೆಣ್ಣುಮಗಳು. ಬಿಳಿ ಕೋಟಿನ ಎರಡನೇ ಗುಂಡಿ ಒಂದೇ ಒಂದು ದಾರದಲ್ಲಿ ನೇತಾಡ್ತಿದೆ. ಟೇಪಣ್ಣನ ಕಣ್ಣು ಅಲ್ಲೇ. ಆಕೆ ಏನು ಕೇಳಿದ್ರೂ ಇವನು ಗುಂಡಿಗೆ ಉತ್ತರ ಹೇಳ್ತಿದಾನೆ. ಕೊನೆಗೆ ತಡೀಲಾರದೆ, "ಡಾಕ್ಟ್ರೇ, ಸೂಜಿ ಇದ್ರೆ ಕೊಡಿ" ಅಂದ. ಆಕೆ ಗುಂಡಿ ನೋಡ್ಕೊಂಡು, "ಇರಲಿ ಬಿಡಿ, ನೇತಾಡ್ಲಿ. ಮುಂದಿನ ವಾರನೂ ಹೀಗೇ ಇರುತ್ತೆ, ನೀವೇ ನೋಡೋರಂತೆ" ಅಂದಳು. ಕಿಲಾಡಿ.

ದೊಡ್ಡಕ್ಕ ಅಳ್ತಾ ಕೇಳಿದಳು, "ಇವಳು ಹಾಗೆ ನೇರವಾಗಿ ಕೇಳಬಾರದಿತ್ತಲ್ವಾ ಡಾಕ್ಟ್ರೇ? ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ?"

"ಇಲ್ಲ ಅಕ್ಕಾ. ಕೇಳಿದ್ದಕ್ಕೇ ಇವರು ಇವತ್ತು ಇಲ್ಲಿ ಕೂತಿರೋದು" ಅಂದಳು ಡಾಕ್ಟರ್. ಆಮೇಲೆ ಬಿಡಿಸಿ ಹೇಳಿದಳು. ಖಾಯಿಲೆ ಒಂದೇ, ಆದ್ರೆ ಬಂದೋರ ಸ್ವಭಾವದ ಬಟ್ಟೆ ಹಾಕ್ಕೊಂಡು ಬರುತ್ತೆ. ತಂಗಿ ದುಡುಕಿನೋಳು, ಅವಳ ಹತ್ರ ದುಡುಕಿ ಬಂತು. ಅಣ್ಣ ಅಚ್ಚುಕಟ್ಟಿನೋನು, ಇವನ ಹತ್ರ ಅಚ್ಚುಕಟ್ಟಾಗಿ ಬಂತು, ಚೀಟಿ ಪಿನ್ ಹಾಕ್ಕೊಂಡು. ತನ್ನ ತಪ್ಪನ್ನ ತಾನು ಕ್ಷಮಿಸದೋರು, ಇನ್ನೊಬ್ಬರಿಗೆ ಹೊರೆ ಆಗಬಾರದು ಅಂತ ಬಾಯಿ ಹೊಲ್ಕೊಂಡೋರು, ಇಂಥೋರಿಗೆ ಈ ಖಾಯಿಲೆ ಬಂದ್ರೆ ಅಪಾಯ ಹೊರಗೆ ಕಾಣಲ್ಲ. ಹಾಗಂತ ಕಿರುಚೋರಿಗೆ ಏನೂ ಆಗಲ್ಲ ಅಂತ ಅಲ್ಲ, ಅವಳ ಕಾವಲೂ ಬೇಕಾಗಿದ್ದೇ. "ನಿಮ್ಮ ತಪ್ಪು ಒಂದೇ. ಮನೇಲಿದ್ದ ಗಮನ ಎಲ್ಲ ಒಂದೇ ಕಡೆ ಸುರಿದ್ರಿ" ಅಂದಳು. "ಸ್ವಭಾವ ಹಣೆಬರಹ ಅಲ್ಲ. ಇದೇ ಸ್ವಭಾವ ಇಟ್ಕೊಂಡು ತೊಂಬತ್ತು ವರ್ಷ ಬದುಕಬಹುದು. ಚಿಕಿತ್ಸೆ ಬೇಕು, ಅಷ್ಟೇ."

ಹನ್ನೊಂದು ದಿನ ಆಸ್ಪತ್ರೆಯಲ್ಲಿಟ್ಕೊಂಡ್ರು. ಮಾತ್ರೆ ಕೊಟ್ರು, ಬಾಯಿ ಒಣಗುತ್ತೆ, ಕೈ ನಡುಗುತ್ತೆ ಅಂತ ಗೊಣಗಿದ, ಬದಲಾಯಿಸಿದ್ರು. ಮನೆಗೆ ಬಂದ ಮೇಲೂ ವಾರಕ್ಕೊಂದು ಸಲ ಕರೆಸಿ ಕೂರಿಸ್ಕೊಂಡು ಮಾತಾಡಿಸಿದ್ರು. ಅವನು ಆಸ್ಪತ್ರೆಯಲ್ಲಿದ್ದಾಗ ಸೈರನ್ ಸುಮ್ಮನಿದ್ದಳು ಅಂದ್ಕೊಂಡ್ಯಾ? ಮೈಕ್ ಹಿಡಿದು, "ನಾಲ್ಕನೇ ಪ್ಲಾಟ್‌ಫಾರಂ ಬಸ್ ಹೊರಡಲಿದೆ, ಪ್ರಯಾಣಿಕರ ಗಮನಕ್ಕೆ, ಮನೇಲಿ ಗುಂಡಿ ಬಿದ್ದ, ಜಿಪ್ ಕೆಟ್ಟ, ತೋಳು ಹರಿದ ಬಟ್ಟೆ ಇದ್ರೆ ಮೆಟ್ಟಿಲ ಕೆಳಗಿನ ಟೈಲರ್ ಅಂಗಡಿಗೆ ತಂದುಕೊಡಿ, ಅವಸರ ಇರೋರು ಬರಬೇಡಿ" ಅಂತ ಕೂಗಿದಳು. ಅಣ್ಣನ ಖಾಯಿಲೆ ವಿಷಯ ಮಾತ್ರ ಒಂದಕ್ಷರ ಆಡಲಿಲ್ಲ, ಅಷ್ಟು ಬುದ್ಧಿ ಇತ್ತು. ಮೇಲಿನ ಸಾಹೇಬರಿಂದ ಅವಳಿಗೆ ನೋಟಿಸ್ ಬಂತು. ಆ ಸಾಹೇಬರ ಪ್ಯಾಂಟೂ ಬಂತು, ಜಿಪ್ ಹಾಕೋಕೆ.

ಟೇಪಣ್ಣ ಅಂಗಡಿಗೆ ಬಂದಾಗ ಕಪಾಟಲ್ಲಿ ಹಸಿರು ಗೋಡೆ ಒಂದಿಂಚೂ ಕಾಣ್ತಿರಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತ. ಡಾಕ್ಟರ್ ಸೈರನ್‌ಗೆ ಬೈದಳು, ಹರಕು ಬಟ್ಟೆ ಔಷಧಿ ಅಲ್ಲ, ಅದನ್ನ ನಂಬ್ಕೊಂಡು ಮಾತ್ರೆ ಬಿಡಿಸಿದ್ರೆ ನೋಡಿ ಅಂತ. ಆಮೇಲೆ ಸಣ್ಣ ದನಿಯಲ್ಲಿ, "ಆದ್ರೂ ಇರಲಿ. ಮಾತ್ರೆ ಕೆಲಸ ಮಾಡೋಕೆ ವಾರಗಟ್ಟಲೆ ಬೇಕು, ಅಲ್ಲಿವರೆಗೆ ಬಾಗಿಲು ಮುಚ್ಚಿಹೋಗದ ಹಾಗೆ ಒಂದು ಕಲ್ಲು ಅಡ್ಡ ಇಟ್ಟಿದೀರಿ" ಅಂದಳಂತೆ. ದಿನಕ್ಕೆ ಮೂರು ಬಟ್ಟೆಗಿಂತ ಹೆಚ್ಚು ಮುಟ್ಟಬಾರದು ಅಂತ ಅವನಿಗೆ ಕಟ್ಟಪ್ಪಣೆ. ಒಂದಾದ್ರೂ ತಾರೀಕಿಗೆ ತಪ್ಪಿಸಿ ಕೊಡಬೇಕು ಅಂತ ಹೋಂವರ್ಕ್. ಮೊದಲ ಸಲ ಒಂದು ಅಂಗಿ ಮಂಗಳವಾರದ ಬದಲು ಬುಧವಾರ ಕೊಟ್ಟ ದಿನ ಅವನಿಗೆ ಜ್ವರ ಬಂದಿತ್ತು.

ಸೈರನ್ ದಿನಾ ಡ್ಯೂಟಿ ಮುಗಿಸಿ ಆ ಸ್ಟೂಲ್ ಮೇಲೆ ಕೂರೋಕೆ ಶುರು ಮಾಡಿದಳು. "ಏನೇ ಇದು, ಬಾತ್‌ರೂಮಿಗೂ ಹಿಂದೆ ಬರ್ತೀಯಾ?" ಅಂತ ಅವನು. "ಹದಿನಾಲ್ಕು ವರ್ಷ ನನ್ನ ಹಿಂದೆ ಬಂದ್ಯಲ್ಲ, ಈಗ ಅನುಭವಿಸು" ಅಂತ ಅವಳು.

ಆರನೇ ವಾರದಲ್ಲೋ ಏಳನೇ ವಾರದಲ್ಲೋ ಡಾಕ್ಟರ್ ಕೋಣೇಲಿ ಆ ಗುಂಡಿ ತಾನಾಗೇ ಕಿತ್ಕೊಂಡು ಬಿದ್ದು, ಉರುಳಿ ಮೇಜಿನ ಕೆಳಗೆ ಹೋಯ್ತಂತೆ. ಡಾಕ್ಟರ್, ಟೇಪಣ್ಣ, ಸೈರನ್, ಮೂರು ಜನನೂ ನೆಲಕ್ಕೆ ಮಂಡಿ ಹಾಕಿ ಹುಡುಕಿದ್ರು, ಸಿಗಲಿಲ್ಲ. ಇವನಿಗೆ ನಗು ಬಂತಂತೆ. ಎಷ್ಟು ತಿಂಗಳಾದ್ಮೇಲೆ! ನಕ್ಕು ನಕ್ಕು ಮೇಜಿನ ಕೆಳಗೇ ಕೂತು ಅತ್ತನಂತೆ. ಆ ವಾರ ಸಿಳ್ಳೆ ವಾಪಸ್ ಬಂತು. ಅದೇ ದರಿದ್ರ ಸಿಳ್ಳೆ. ನಾನು ಕಿಟಕಿ ತೆರೆದು ಕೇಳಿದೆ.

ಮೆಷಿನ್ ಪಕ್ಕದ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದೆ, ನೀನು ಯಾರದೋ ಅಳತೆ ಅಂದ್ಕೊಂಡಿರ್ತೀಯ. ಅದು ಡಾಕ್ಟರ್ ಹೇಳಿ ಬರೆಸಿದ್ದು. ಕೆಟ್ಟ ದಿನ ಹತ್ರ ಬರ್ತಿದೆ ಅನ್ನೋಕೆ ಗುರುತೇನು, ಆಗ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ರೆ ಯಾರಿಗೆ, ಆಸ್ಪತ್ರೆ ನಂಬರ್ ಯಾವುದು. ಮೊದಲನೇ ಸಾಲು ಏನು ಗೊತ್ತಾ? "ಸ್ವಂತ ಪ್ಯಾಂಟು ಟೈಟ್ ಮಾಡೋಕೆ ಸೂಜಿ ಎತ್ತಿದ್ರೆ, ದಾರ ಪೋಣಿಸೋ ಮುಂಚೆ ತಂಗಿಗೆ ಹೇಳಬೇಕು."

ನಾಲ್ಕು ವರ್ಷದಲ್ಲಿ ಎರಡು ಸಲ ಹೇಳಿದಾನೆ. ಎರಡು ಸಲನೂ ಆಸ್ಪತ್ರೆಗೆ ಹೋಗಿ ಬಂದಿದಾರೆ. ಸೈರನ್‌ಗೂ ಅಲ್ಲೇ ಚಿಕಿತ್ಸೆ ನಡೀತಿದೆ, ತಟ್ಟೆ ಹಾರೋದು ಕಡಿಮೆ ಆಗಿದೆ, ಗಂಟಲು ಮಾತ್ರ ಹಾಗೇ ಇದೆ, ಅದಕ್ಕೆ ಮದ್ದಿಲ್ಲ. ದೊಡ್ಡಕ್ಕನ ಆ ನೋಟ್‌ಬುಕ್ಕಲ್ಲಿ ಈಗ ಕಾಯಬೇಕಾದೋರ ಸಾಲಲ್ಲಿ ಮೂರು ಜನರ ಹೆಸರೂ ಇದೆ, ಅವಳದ್ದೂ ಸೇರಿ. ನಾನು ಕೇಳಿ ನನ್ನದೂ ಹಾಕಿಸ್ಕೊಂಡೆ. ನನ್ನ ಸರದಿ ಗುರುವಾರ. ದೊಡ್ಡಕ್ಕ ಬಂದು, "ಹೇಗಿದೀರಾ ಅಜ್ಜೀ" ಅಂತ ಕೇಳಿ, ಸುಮ್ಮನೆ ಕೂತಿರ್ತಾಳೆ, ನಾನು ನಿಜ ಹೇಳೋವರೆಗೆ. ಬೇಜಾರು ಅದು. ಬರದಿದ್ರೆ ಅದಕ್ಕಿಂತ ಬೇಜಾರು.

ಈ ತಿಂಗಳು ಡಾಕ್ಟರ್ ಅವನ ಮಾತ್ರೆ ಸ್ವಲ್ಪ ಕಡಿಮೆ ಮಾಡಿ ನೋಡ್ತಿದಾಳೆ. ಅದಕ್ಕೇ ಸೈರನ್ ರಜೆ ಹಾಕಿ ಹಗಲೆಲ್ಲ ಸ್ಟೂಲ್ ಮೇಲೆ ಕೂತಿರೋದು, ನಿನ್ನ ಅಂಗಿ ಕಿತ್ಕೊಂಡಿದ್ದೂ ಅದಕ್ಕೇ. ಅವಳಿಗೆ ಹೆದರಿಕೆ. ಡಾಕ್ಟರ್ ಬೈದ್ರೂ ಕಪಾಟಲ್ಲಿ ಹಸಿರು ಗೋಡೆ ಕಂಡ್ರೆ ಅವಳು ಸಿಕ್ಕೋರ ಬಟ್ಟೆ ತಂದು ಅಲ್ಲಿ ತುರುಕ್ತಾಳೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನನಗೂ ಕಪಾಟಿನ ಎರಡು ಖಾನೆ ನಡುವೆ ಒಂದು ಅಂಗೈಯಷ್ಟು ಹಸಿರು ಕಂಡಿತು. ಏನೂ ಇಲ್ಲದಿರಬಹುದು. ಸಿಳ್ಳೆ ಏನೋ ಕೇಳ್ತಿದೆ.

ಏಳು ಈಗ. ಆ ಕುರ್ಚಿ ಮೇಲಿರೋ ನನ್ನ ಬೂದಿ ಸ್ವೆಟರ್ ತಗೋ. ಎರಡೂ ತೋಳು ಬಿಚ್ಚಿದೆ, ನೋಡು, ಕುತ್ತಿಗೆ ಹತ್ರನೂ ಒಂದು ಗೇಣು ಬಿಚ್ಚಿದೆ. ಯಾರು ಬಿಚ್ಚಿದ್ರು ಅಂತ ಕೇಳಬೇಡ, ಕತ್ತರಿ ದಿಂಬಿನ ಕೆಳಗಿದೆ. ಕೆಳಗೆ ಹೋಗಿ ಅವನ ಕೈಗೇ ಕೊಡು, ಸೈರನ್ ಕೈಗಲ್ಲ. ಯಾವಾಗ ಬೇಕು ಅಂದ್ರೆ ಚಳಿಗಾಲಕ್ಕೆ ಅನ್ನು. ಇನ್ನೂ ಏಳು ತಿಂಗಳಿದೆಯಲ್ಲ ಅಂತಾನೆ, ಹೂಂ ಅನ್ನು. ಆಮೇಲೆ ಹೇಗಿದೀರಾ ಅಂತ ಕೇಳು. "ಚೆನ್ನಾಗಿದೀನಿ" ಅಂತಾನೆ, ಅದಕ್ಕೆ ಎದ್ದು ಬಂದುಬಿಡಬೇಡ, ಇನ್ನೊಂದು ಸಲ ಕೇಳಿ ಕೂತ್ಕೋ. ಮಾತಾಡ್ತಾ ಅವನ ಪ್ಯಾಂಟಿನ ಸೊಂಟ ಒಂದ್ಸಲ ನೋಡು, ಹೊಸ ಹೊಲಿಗೆ ಏನಾದ್ರೂ ಕಾಣುತ್ತಾ ಅಂತ. ಪರಗಂಡಸಿನ ಸೊಂಟ ನೋಡೋದು ಹೇಗಜ್ಜೀ ಅಂತ ನಾಚ್ಕೋಬೇಡ, ಅವನು ನಮ್ಮೆಲ್ಲರದ್ದೂ ನೋಡಿದಾನೆ. ಬರುವಾಗ ಹಳದಿ ಚೀಟಿ ತರೋದು ಮರೀಬೇಡ. ಹೋಗು, ಹಾಂ, ಆ ಕಸದ ಬುಟ್ಟಿನೂ ತಗೊಂಡು ಹೋಗು.